ಡ್ರಾಕುಲಾ ಮೇಷ್ಟ್ರು ಮತ್ತು ಅಮ್ಮನ ಭಾಷೆ

ಡ್ರಾಕುಲಾನ ಊರು ಯಾವುದು ಎಂದು ಕೇಳಿದರೆ ಕಾರ್ಟೂನ್ ನೋಡುವ ನಮ್ಮ ಮಕ್ಕಳೂ ಥಟ್ಟನೆ "ಟ್ರಾನ್ಸಿಲ್ವೇನಿಯಾ" ಎನ್ನುತ್ತಾರೆ. ಅದು ಬರೀ ಕತೆಯ ಊರಲ್ಲ, ಇಂದಿನ ರುಮೇನಿಯಾ ದೇಶದ ಒಂದು ನಿಜವಾದ ಪ್ರಾಂತ. ಅಲ್ಲಿ ವುಲ್ಕಾನ್ ಎಂಬ ಕಲ್ಲಿದ್ದಲು ಗಣಿಯ ಪಟ್ಟಣವಿದೆ. 1923ರ ಮಾರ್ಚ್ 1ರಂದು ಅಲ್ಲಿನ ಒಂದು ಯಹೂದಿ ಮನೆಯಲ್ಲಿ ಲುಡೋವಿಕ್ ಎಂಬ ಹುಡುಗ ಹುಟ್ಟಿದ. 1930ರಲ್ಲಿ ಆ ಕುಟುಂಬ ಹಡಗು ಹತ್ತಿ ಅಮೆರಿಕ ಸೇರಿತು, ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ನೆಲೆ ನಿಂತಿತು. ಹುಡುಗನ ಹೆಸರು ಲೆನಾರ್ಡ್ ವುಲ್ಫ್ ಎಂದಾಯಿತು.

ವಲಸೆ ಹೋಗುವವರ ಪೆಟ್ಟಿಗೆಯಲ್ಲಿ ಏನಿರುತ್ತದೆ ಎಂಬುದು ಮುಂಬಯಿಯವರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದಿಷ್ಟು ಪಾತ್ರೆ, ಬಟ್ಟೆ, ದೇವರ ಪಟ, ಹುಟ್ಟೂರಿನ ಹೆಸರು ಮತ್ತು ಮನೆಮಾತು. ಈ ಹುಡುಗನ ಹುಟ್ಟೂರಿನ ಹೆಸರು ಹೇಳಿದರೆ ಜನ ರಕ್ತ ಹೀರುವ ಪಿಶಾಚಿಯನ್ನು ನೆನೆಯುತ್ತಿದ್ದರು. ಅವನ ಮನೆಮಾತು ಯಿಡ್ಡಿಷ್. ಮುಂದೆ ಅವರು ಇಂಗ್ಲಿಷ್ ಪ್ರಾಧ್ಯಾಪಕರಾದರು. ಭಯಾನಕ ಕಾದಂಬರಿಗಳ ವಿದ್ವಾಂಸರೆಂದು ಹೆಸರು ಮಾಡಿದರು. ಜೊತೆಗೆ ಯಿಡ್ಡಿಷ್ ಅನುವಾದಕರೂ ಆದರು.

ನಾನು ಎಂ.ಟೆಕ್. ಓದಿ ಸಾಫ್ಟ್‌ವೇರ್‌ನಲ್ಲಿ ದುಡಿಯುವವಳು. ಸಾಹಿತ್ಯದ ವಿದ್ಯಾರ್ಥಿನಿಯಲ್ಲ. ಆದರೂ ಮಹಿಳಾ ವೇದಿಕೆಯ ಈ ಇ-ಸ್ಮರಣ ಸಂಚಿಕೆಗೆ ಇವರ ಬಗ್ಗೆಯೇ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣವಿದೆ. ವುಲ್ಫ್ ಅವರು ಜೀವಮಾನವಿಡೀ ಕೈ ಹಾಕಿದ್ದು ಎರಡು ಕೆಲಸಗಳಿಗೆ. ಒಂದು, ದೆವ್ವದ ಕತೆಯನ್ನು ಗಂಭೀರವಾಗಿ ಓದುವುದು. ಇನ್ನೊಂದು, ಯಿಡ್ಡಿಷ್ ಭಾಷೆಯನ್ನು ಗಂಭೀರವಾಗಿ ಬರೆಯುವುದು. ಈ ಎರಡನ್ನೂ ಲೋಕ ಬಹುಕಾಲ "ಅದು ಹೆಂಗಸರದ್ದು" ಎಂದು ಬದಿಗೆ ಸರಿಸಿತ್ತು.

ಮೊದಲು ದೆವ್ವದ ಕತೆಯನ್ನು ನೋಡೋಣ. ಇಂಗ್ಲಿಷಿನಲ್ಲಿ ಇದಕ್ಕೆ ಗೋಥಿಕ್ ಕಾದಂಬರಿ ಎನ್ನುತ್ತಾರೆ. ಪಾಳು ಕೋಟೆ, ಬೀಗ ಹಾಕಿದ ಕೋಣೆ, ರಾತ್ರಿಯ ಹೆಜ್ಜೆ ಸಪ್ಪಳ, ಒಂಟಿ ಹುಡುಗಿ ಅದರ ಸಾಮಗ್ರಿ. 1764ರಲ್ಲಿ ಹೊರೇಸ್ ವಾಲ್ಪೋಲ್ ಬರೆದ 'ದ ಕ್ಯಾಸಲ್ ಆಫ್ ಒಟ್ರಾಂಟೊ' ಈ ಬಗೆಯ ಮೊದಲ ಕಾದಂಬರಿ. ತಮಾಷೆಯೆಂದರೆ ಮೊದಲ ಮುದ್ರಣದಲ್ಲಿ ಅವನು ತನ್ನ ಹೆಸರು ಹಾಕಲಿಲ್ಲ. ಇದು ಹಳೆಯ ಇಟಾಲಿಯನ್ ಗ್ರಂಥದ ಅನುವಾದ ಎಂದು ಹೇಳಿಕೊಂಡ. ಹೀಗೆ ಗೋಥಿಕ್ ಹುಟ್ಟಿದ್ದೇ ಅನುವಾದದ ವೇಷದಲ್ಲಿ.

ಅದನ್ನು ಬೆಳೆಸಿದವರಲ್ಲಿ ಹೆಂಗಸರು ಬಹಳ. ಆನ್ ರ್‍ಯಾಡ್‌ಕ್ಲಿಫ್ 1794ರಲ್ಲಿ 'ದ ಮಿಸ್ಟರೀಸ್ ಆಫ್ ಉಡಾಲ್ಫೋ' ಬರೆದಳು. 1816ರ ಬೇಸಿಗೆಯಲ್ಲಿ ಜಿನೀವಾ ಸರೋವರದ ದಡದಲ್ಲಿ, ಮಳೆಯಿಂದಾಗಿ ಹೊರಗೆ ಕಾಲಿಡಲಾಗದೆ ಕುಳಿತಿದ್ದ ಗೆಳೆಯರು ತಲಾ ಒಂದು ದೆವ್ವದ ಕತೆ ಬರೆಯೋಣ ಎಂದು ಪಂಥ ಕಟ್ಟಿದರು. ಅಲ್ಲಿ ಬೈರನ್ ಇದ್ದ, ಶೆಲ್ಲಿ ಇದ್ದ. ಇಬ್ಬರೂ ದೊಡ್ಡ ಕವಿಗಳು. ಆದರೆ ಪಂಥದಲ್ಲಿ ಇವತ್ತಿಗೂ ಬದುಕಿರುವ ಕಾದಂಬರಿಯನ್ನು ಕೊಟ್ಟವಳು 18 ವರ್ಷದ ಮೇರಿ. 1818ರ ಜನವರಿಯಲ್ಲಿ 'ಫ್ರಾಂಕೆನ್‌ಸ್ಟೈನ್' ಲೇಖಕಿಯ ಹೆಸರಿಲ್ಲದೆ ಪ್ರಕಟವಾಯಿತು. ಇದನ್ನು ಅವಳ ಗಂಡನೇ ಬರೆದಿರಬೇಕು ಎಂದುಕೊಂಡವರೂ ಇದ್ದರು!

ಇಂಥ ಕಾದಂಬರಿಗಳನ್ನು ಹುಡುಗಿಯರ ತಲೆ ಕೆಡಿಸುವ ಕಸ ಎಂದು ಹೀಗಳೆದವರು ಅನೇಕರು. ಆದರೆ ಹುಡುಗಿಯರು ಅವನ್ನು ಬಿಡಲಿಲ್ಲ. ಏಕೆಂದರೆ ಅವುಗಳಲ್ಲಿ ಭಯದ ಜಾಗ ಹೆಚ್ಚಾಗಿ ಮನೆಯೇ. ತಾಳಿ ಕಟ್ಟಿಸಿಕೊಂಡು ಹೊಸ ಮನೆಗೆ ಹೋದವಳಿಗೆ ಅಲ್ಲಿನ ಯಾವ ಬಾಗಿಲು ತೆರೆಯಬಹುದು, ಯಾವುದು ಕೂಡದು ಎಂದು ಗೊತ್ತಿಲ್ಲದಿರುವ ಭಯ ನಮ್ಮ ಅಜ್ಜಿಯರಿಗೆ ಹೊಸದೇ? ಅಜ್ಜಿಯರೂ ದೆವ್ವದ ಕತೆಯನ್ನು ಸುಮ್ಮನೆ ಹೇಳುತ್ತಿರಲಿಲ್ಲ. ಬಾವಿಗೆ ಬಿದ್ದ ಸೊಸೆ, ಹೆರಿಗೆಯಲ್ಲಿ ಸತ್ತ ಬಾಣಂತಿ, ಇವರೇ ಆ ಕತೆಗಳಲ್ಲಿ ದೆವ್ವವಾಗಿ ಬರುತ್ತಿದ್ದರು. ನೇರವಾಗಿ ಆಡಲಾಗದ ಮಾತು ದೆವ್ವದ ಬಾಯಲ್ಲಿ ಬರುತ್ತಿತ್ತು.

ಇನ್ನು ಯಿಡ್ಡಿಷ್. ಯಹೂದಿಗಳೆಂದರೆ ಮುಂಬಯಿಗೆ ಹೊಸಬರಲ್ಲ. ನಾವು ದಿನವೂ ಕೇಳುವ ಮಸ್ಜಿದ್ ಸ್ಟೇಷನ್ನಿನ ಹೆಸರು ಅಲ್ಲಿನ ಯಹೂದಿ ಪ್ರಾರ್ಥನಾ ಮಂದಿರದಿಂದ ಬಂದದ್ದು ಎನ್ನುತ್ತಾರೆ. ಅದನ್ನು 1796ರಲ್ಲಿ ಸ್ಯಾಮುಯೆಲ್ ಎಝೆಕಿಯೆಲ್ ದಿವೇಕರ್ ಕಟ್ಟಿಸಿದರು. ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸೆರೆಸಿಕ್ಕು ಬಿಡುಗಡೆಯಾದದ್ದಕ್ಕೆ ಹರಕೆಯಾಗಿ ಕಟ್ಟಿಸಿದ್ದು ಎಂಬ ಪ್ರತೀತಿಯಿದೆ. ಕರ್ನಾಟಕಕ್ಕೂ ಮಸ್ಜಿದ್ ಸ್ಟೇಷನ್ನಿಗೂ ಹೀಗೊಂದು ನಂಟು. ಆದರೆ ಕೊಂಕಣದ ಈ ಬೆನೆ ಇಸ್ರೇಲಿಗಳು ಎಣ್ಣೆ ಗಾಣ ನಡೆಸುತ್ತಿದ್ದವರು, ಶನಿವಾರ ಕೆಲಸ ಬಿಡುತ್ತಿದ್ದುದರಿಂದ 'ಶನಿವಾರ ತೇಲಿ' ಎನ್ನಿಸಿಕೊಂಡವರು. ಅವರ ಮನೆಮಾತು ಮರಾಠಿ.

ಯಿಡ್ಡಿಷ್ ಪೂರ್ವ ಯುರೋಪಿನ ಯಹೂದಿಗಳ ಮಾತು. ಬುಡ ಜರ್ಮನ್, ಲಿಪಿ ಹೀಬ್ರೂ. ಹೀಬ್ರೂ ಮತ್ತು ಸ್ಲಾವಿಕ್ ಪದಗಳು ಧಾರಾಳವಾಗಿ ಬೆರೆತಿವೆ. ದೇವರ ಭಾಷೆ, ಪಂಡಿತರ ಭಾಷೆ ಹೀಬ್ರೂ. ಯಿಡ್ಡಿಷ್ ಅಡುಗೆಮನೆಯದು, ಸಂತೆಯದು. ಅದನ್ನು ಅವರು 'ಮಾಮೆ ಲೋಶ್ನ್' ಎಂದು ಕರೆದರು, ಅಂದರೆ ಅಮ್ಮನ ಭಾಷೆ. ಹೀಬ್ರೂ ಕಲಿಯಲು ಅವಕಾಶವಿಲ್ಲದ ಹೆಂಗಸರಿಗಾಗಿ ಧರ್ಮಗ್ರಂಥದ ಕತೆಗಳನ್ನು ಯಿಡ್ಡಿಷಿನಲ್ಲಿ ಹೇಳುವ 'ತ್ಸೆನೆರೆನೆ' ಎಂಬ ಪುಸ್ತಕ 17ನೇ ಶತಮಾನದ ಆರಂಭದಿಂದಲೇ ಮುದ್ರಣಗೊಳ್ಳುತ್ತಾ ಬಂತು. ಜನ ಅದನ್ನು ಹೆಂಗಸರ ಬೈಬಲ್ ಎಂದೇ ಕರೆದರು. ಓದಿದ ಗಂಡಸರು ಅಂಥ ಪುಸ್ತಕವನ್ನು ಕೈಯಲ್ಲಿ ಹಿಡಿಯಲು ನಾಚುತ್ತಿದ್ದರು. ಎರಡನೇ ಮಹಾಯುದ್ಧಕ್ಕೆ ಮೊದಲು ಸುಮಾರು 1 ಕೋಟಿ 10 ಲಕ್ಷ ಜನ ಈ ಭಾಷೆ ಆಡುತ್ತಿದ್ದರು.

ಇಂಥ ಎರಡು ಬಡ ಸಂಗತಿಗಳನ್ನು ಹೊತ್ತ ಹುಡುಗ ಓದಿ ಡಾಕ್ಟರೇಟ್ ಪಡೆದು ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾದರು. 1972ರಲ್ಲಿ 'ಎ ಡ್ರೀಮ್ ಆಫ್ ಡ್ರಾಕುಲಾ' ಎಂಬ ಪುಸ್ತಕ ಬರೆದರು. (ಅದೇ 1972ರಲ್ಲಿ ನಮ್ಮ ಮುಂಬಯಿಯಲ್ಲಿ ರ್‍ಯಾಮ್ಸೇ ಸಹೋದರರ 'ದೋ ಗಜ್ ಜಮೀನ್ ಕೇ ನೀಚೇ' ತೆರೆಕಂಡಿತು. ಹಿಂದಿ ದೆವ್ವದ ಸಿನಿಮಾಗಳ ಭರಾಟೆ ಶುರುವಾದದ್ದು ಅಲ್ಲಿಂದ.) 1975ರಲ್ಲಿ ಬಂದ 'ದ ಅನೊಟೇಟೆಡ್ ಡ್ರಾಕುಲಾ' ಅವರಿಗೆ ದೊಡ್ಡ ಹೆಸರು ತಂದಿತು. 1977ರಲ್ಲಿ 'ಫ್ರಾಂಕೆನ್‌ಸ್ಟೈನ್'ಗೂ ಹಾಗೆಯೇ ಟಿಪ್ಪಣಿ ಬರೆದರು.

ಟಿಪ್ಪಣಿ ಅಂದರೆ ಏನು ಮಹಾ ಎನ್ನಬೇಡಿ. ನಮ್ಮ ಕೆಲಸದಲ್ಲಿ ಬೇರೆಯವರು ಬರೆದಿಟ್ಟ ಹಳೆಯ ಕೋಡ್ ಕೈಗೆ ಬಂದಾಗ, ಸಾಲಿನ ಪಕ್ಕ ಯಾರಾದರೂ ಪುಣ್ಯಾತ್ಮರು ಕಾಮೆಂಟ್ ಬರೆದಿದ್ದರೆ ಅದರ ಬೆಲೆ ಗೊತ್ತಾಗುತ್ತದೆ. ಇದು ಏಕೆ ಇಲ್ಲಿದೆ, ಇದನ್ನು ತೆಗೆದರೆ ಏನಾಗುತ್ತದೆ ಎಂದು ಅದು ಹೇಳುತ್ತದೆ. ವುಲ್ಫ್ ಮಾಡಿದ್ದು ಅದೇ ಕೆಲಸ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಕಾದಂಬರಿಯ ಊರು, ರೈಲು, ಔಷಧಿ, ನಂಬಿಕೆ ಎಲ್ಲವನ್ನೂ ಪಕ್ಕದಲ್ಲಿ ನಿಂತು ವಿವರಿಸಿದರು. ಶಾಸ್ತ್ರಗ್ರಂಥಕ್ಕೆ ಸಲ್ಲುವ ಮರ್ಯಾದೆಯನ್ನು ಪಿಶಾಚಿಯ ಕತೆಗೆ ಸಲ್ಲಿಸಿದರು.

ಹಾಗೆ ನಿಧಾನವಾಗಿ ಓದಿದರೆ ಡ್ರಾಕುಲಾ ಬೇರೆಯೇ ಪುಸ್ತಕ. ನನಗೆ ಅಲ್ಲಿ ಕೋರೆಹಲ್ಲಿಗಿಂತ ಹೆಚ್ಚು ಕಂಡದ್ದು ಮೀನಾ. (ಅವಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಂತೆ ಓದಿದರೆ ನಮ್ಮ ಮೀನಾಳೇ!) ಅವಳಿಗೆ ಲಘುಲಿಪಿ ಬರುತ್ತದೆ, ಟೈಪಿಂಗ್ ಬರುತ್ತದೆ. ಗಂಡನ ದಿನಚರಿ, ಡಾಕ್ಟರರ ಧ್ವನಿಮುದ್ರಿಕೆ, ಪತ್ರಗಳು, ಪತ್ರಿಕೆಯ ತುಣುಕು ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ಟೈಪ್ ಮಾಡುತ್ತಾಳೆ, ಪ್ರತಿಗಳನ್ನೂ ತೆಗೆಯುತ್ತಾಳೆ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಆ ತಂಡದ ಡೇಟಾ ಇಂಜಿನಿಯರ್ ಅವಳೇ. ಅದನ್ನು ಓದಿದ ಮೇಲೆ ಗಂಡಸರಿಗೆ ಶತ್ರು ಯಾರು, ಎಲ್ಲಿದ್ದಾನೆ ಎಂದು ತಿಳಿಯುವುದು. ತಿಳಿದ ಮೇಲೆ ಅವರೇನು ಮಾಡುತ್ತಾರೆ? "ಇದು ಹೆಂಗಸರಿಗೆ ತಕ್ಕ ಕೆಲಸವಲ್ಲ, ನೀನು ವಿಶ್ರಾಂತಿ ತೆಗೆದುಕೋ" ಎಂಬ ಧಾಟಿಯಲ್ಲಿ ಅವಳನ್ನು ಸಭೆಯಿಂದ ದೂರ ಇಡುತ್ತಾರೆ. ಹಾಗೆ ಒಂಟಿಯಾಗಿ ಮಲಗಿಸಿದಾಗಲೇ ಡ್ರಾಕುಲಾ ಅವಳ ಹತ್ತಿರ ಬರುವುದು. ಕಾಗದಗಳನ್ನೆಲ್ಲ ಅವನು ಸುಟ್ಟರೂ ಇನ್ನೊಂದು ಪ್ರತಿ ತಿಜೋರಿಯಲ್ಲಿ ಸುರಕ್ಷಿತವಾಗಿ ಉಳಿಯುತ್ತದೆ. 1897ರಲ್ಲೇ ಬ್ಯಾಕಪ್! ಆಫೀಸಿನ ಮೀಟಿಂಗುಗಳಲ್ಲಿ ಕುಳಿತ ಯಾವ ಹೆಣ್ಣುಮಗಳಿಗೂ ಈ ಭಾಗ ಹಳೆಯ ಕತೆ ಅನ್ನಿಸಲಾರದು. ಕಸ ಎಂದು ತೆಗೆದಿಟ್ಟಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಈ ದಾರಿಯಲ್ಲಿ ನಡೆದ ಒಬ್ಬ ಭಾರತೀಯರನ್ನೂ ಇಲ್ಲಿ ನೆನೆಯಬೇಕು. ದೇವೇಂದ್ರ ಪ್ರಸಾದ್ ವರ್ಮಾ ಬಿಹಾರ ಮೂಲದವರು, ಹುಟ್ಟಿದ್ದು ವುಲ್ಫ್ ಹುಟ್ಟಿದ 1923ರಲ್ಲೇ. 1957ರಲ್ಲಿ ಬಂದ ಅವರ 'ದ ಗೋಥಿಕ್ ಫ್ಲೇಮ್' ಈ ಕ್ಷೇತ್ರದ ಮುಖ್ಯ ಗ್ರಂಥಗಳಲ್ಲೊಂದು. ಕೆನಡಾದ ಡಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ವರ್ಮಾ, ಜೇನ್ ಆಸ್ಟೆನ್ ತನ್ನ ಕಾದಂಬರಿಯಲ್ಲಿ ಹೆಸರಿಸಿದ್ದ 7 ಭಯಾನಕ ಕಾದಂಬರಿಗಳನ್ನು 1968ರಲ್ಲಿ ಮತ್ತೆ ಪ್ರಕಟವಾಗುವಂತೆ ಮಾಡಿದರು. ಆ ಹೆಸರುಗಳು ಆಕೆಯ ಕಲ್ಪನೆ ಎಂದೇ ಬಹಳ ಜನ ತಿಳಿದಿದ್ದ ಕಾಲವಿತ್ತು.

ವುಲ್ಫ್ ಅವರ ಬದುಕಿನ ಇನ್ನೊಂದು ಭಾಗ ನಿಜವಾದ ಭಯದ್ದು. ಅವರು ಬಿಟ್ಟುಬಂದ ಯುರೋಪಿನಲ್ಲಿ ನಾಜಿಗಳು 60 ಲಕ್ಷ ಯಹೂದಿಗಳನ್ನು ಕೊಂದರು. ಅವರಲ್ಲಿ ಬಹುಪಾಲು ಜನ ಯಿಡ್ಡಿಷ್ ಆಡುವವರು. ಸೋವಿಯತ್ ರಷ್ಯಾದಲ್ಲಿ ಸ್ಟಾಲಿನ್ ಆಡಳಿತ ಯಿಡ್ಡಿಷ್ ಲೇಖಕರನ್ನು ಸೆರೆಗೆ ತಳ್ಳಿತು, ಕೊಂದಿತು. ಅಮೆರಿಕದಲ್ಲಿ ಯಾರೂ ಕೊಲ್ಲಲಿಲ್ಲ. ಅಲ್ಲಿ ಮಕ್ಕಳು ಇಂಗ್ಲಿಷ್ ಕಲಿತರು, ಅಷ್ಟೇ. ಅಪ್ಪ ಅಮ್ಮ ಯಿಡ್ಡಿಷಿನಲ್ಲಿ ಕೇಳಿದ್ದಕ್ಕೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಮೊಮ್ಮಕ್ಕಳ ಹೊತ್ತಿಗೆ ಪ್ರಶ್ನೆಯೂ ಇಂಗ್ಲಿಷಿನದೇ ಆಯಿತು.

1978ರಲ್ಲಿ ಯಿಡ್ಡಿಷ್ ಲೇಖಕ ಐಸಾಕ್ ಬಶೇವಿಸ್ ಸಿಂಗರ್ ಅವರಿಗೆ ನೊಬೆಲ್ ಬಂತು. ಸಾಯುತ್ತಿರುವ ಭಾಷೆಯಲ್ಲಿ ಏಕೆ ಬರೆಯುತ್ತೀರಿ ಎಂಬ ಪ್ರಶ್ನೆಗೆ ಅವರು ಅಲ್ಲಿನ ಔತಣಕೂಟದಲ್ಲಿ ತಮಾಷೆಯಾಗಿ ಉತ್ತರಿಸಿದ್ದರು. ತನಗೆ ದೆವ್ವದ ಕತೆ ಬರೆಯುವುದು ಇಷ್ಟ, ದೆವ್ವಗಳಿಗೆ ಇಂಥ ಭಾಷೆಗಿಂತ ಒಪ್ಪುವುದು ಬೇರೆ ಇಲ್ಲ, ಅವೆಲ್ಲ ಯಿಡ್ಡಿಷನ್ನೇ ಆಡುತ್ತವೆ ಎಂದು. ಸತ್ತವರೆಲ್ಲ ಎದ್ದು ಬರುವ ದಿನ ಅವರ ಮೊದಲ ಪ್ರಶ್ನೆ, ಓದಲು ಹೊಸ ಯಿಡ್ಡಿಷ್ ಪುಸ್ತಕ ಏನಿದೆ ಎಂಬುದೇ ಆಗಿರುತ್ತದೆ ಎಂದೂ ಹೇಳಿದ್ದರು. ಸಭೆ ನಕ್ಕಿರಬಹುದು. ನನಗೆ ಓದಿದಾಗ ನಗು ಬರಲಿಲ್ಲ.

ಆ ಪ್ರಶ್ನೆಗೆ ವುಲ್ಫ್ ತಮ್ಮ ಕೈಲಾದ ಉತ್ತರ ಕೊಟ್ಟರು. 'ಡೆರ್ ನಿಸ್ಟರ್', ಅಂದರೆ ಅಡಗಿರುವವನು, ಎಂಬ ಕಾವ್ಯನಾಮದ ಲೇಖಕರೊಬ್ಬರಿದ್ದರು. ಸೋವಿಯತ್ ಸರ್ಕಾರ 1949ರಲ್ಲಿ ಅವರನ್ನು ಬಂಧಿಸಿತು, ಮರುವರ್ಷ ಸೆರೆ ಶಿಬಿರದಲ್ಲೇ ತೀರಿಕೊಂಡರು. ಅವರ ಮಹಾಕಾದಂಬರಿ 'ದ ಫ್ಯಾಮಿಲಿ ಮಾಶ್ಬರ್' ವುಲ್ಫ್ ಅವರ ಅನುವಾದದಲ್ಲಿ 1987ರಲ್ಲಿ ಇಂಗ್ಲಿಷಿಗೆ ಬಂತು. ಬೈಬಲಿನ ಪಾತ್ರಗಳನ್ನು ಪೂರ್ವ ಯುರೋಪಿನ ಹಳ್ಳಿಯ ದರ್ಜಿಗಳಂತೆ ಮಾತಾಡಿಸಿದ ಕವಿ ಇಟ್ಸಿಕ್ ಮಾಂಗರ್ ಅವರನ್ನು 2002ರಲ್ಲಿ ಅನುವಾದಿಸಿದರು. ತಾಳಮದ್ದಳೆಯಲ್ಲಿ ಕೃಷ್ಣ, ಕರ್ಣರು ನಮ್ಮೂರ ಜಾಣರಂತೆ ವಾದಕ್ಕಿಳಿಯುವುದನ್ನು ಕೇಳಿದವರಿಗೆ ಮಾಂಗರ್ ದೂರದವರೆನಿಸಲಾರರು.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡದೆನಿಸಿದ್ದು ಒಂದು ಪುಟ್ಟ ಪುಸ್ತಕ. 2000ದಲ್ಲಿ, 77ನೇ ವಯಸ್ಸಿನಲ್ಲಿ, ಡ್ರಾಕುಲಾ ಮೇಷ್ಟ್ರು 'ವಿನ್ನಿ-ದ-ಪೂ' ಎಂಬ ಮಕ್ಕಳ ಪುಸ್ತಕವನ್ನು ಯಿಡ್ಡಿಷಿಗೆ ತಂದರು. ಜೇನುತುಪ್ಪಕ್ಕೆ ಆಸೆಪಡುವ ಆ ಕರಡಿ 'ವಿನಿ-ಡೆರ್-ಪು' ಆದ. ಅಷ್ಟು ದಿನ ಯಿಡ್ಡಿಷಿನಿಂದ ಇಂಗ್ಲಿಷಿಗೆ ಹೊತ್ತವರು ಈಗ ದಿಕ್ಕು ಬದಲಿಸಿದರು. ಇಂಗ್ಲಿಷ್ ಬಾರದ ಯಿಡ್ಡಿಷ್ ಮಗು ಅಮೆರಿಕದಲ್ಲಿ ಎಷ್ಟಿದ್ದಾವು? ಲೆಕ್ಕ ಹಾಕಿ ಕುಳಿತಿದ್ದರೆ ಆ ಪುಸ್ತಕ ಆಗುತ್ತಿರಲಿಲ್ಲ. ಹಳೆಯದನ್ನು ಹೊರಗೆ ಸಾಗಿಸುವುದು ನೆನಪನ್ನು ಉಳಿಸುವ ಕೆಲಸ. ಹೊಸದನ್ನು ಒಳಗೆ ತರುವುದು ಭಾಷೆಯನ್ನು ಬದುಕಿಸುವ ಕೆಲಸ. ಎರಡೂ ಬೇಕು. ನಾವು ಮೊದಲನೆಯದನ್ನು ಮಾಡಿ ತೃಪ್ತರಾಗಿಬಿಡುತ್ತೇವೆ.

ಎಲ್ಲರೂ ಹಾಗಲ್ಲ. ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' ಕನ್ನಡಕ್ಕೆ ಬಂದಿದೆ. ಮಹಡಿಯ ಕೋಣೆಯಲ್ಲಿ ಕೂಡಿಹಾಕಿದ ಹೆಂಡತಿಯ ಕತೆಯಾದ 'ಜೇನ್ ಐರ್', ಕಿಟಕಿಯ ಹೊರಗೆ ಸತ್ತವಳ ಕೈ ತಟ್ಟುವ 'ವುದರಿಂಗ್ ಹೈಟ್ಸ್' ಕೂಡ ಬಂದಿವೆ. ಮೂರನ್ನೂ ತಂದವರು ನಮ್ಮ ಮುಂಬಯಿಯ ಲೇಖಕಿ ಶ್ಯಾಮಲಾ ಮಾಧವ. ಹೆಂಗಸರು ಬರೆದ ಮೂರು ಭಯದ ಮನೆಗಳನ್ನು, ಕರ್ನಾಟಕದ ಹೊರಗೆ ಕುಳಿತ ಒಬ್ಬ ಹೆಣ್ಣುಮಗಳು ಅಮ್ಮನ ಭಾಷೆಗೆ ಸೇರಿಸಿದ್ದಾರೆ. ಲೆನಾರ್ಡ್ ವುಲ್ಫ್ ಮಾಡಿದ ಕೆಲಸಕ್ಕೆ ಇದಕ್ಕಿಂತ ಹತ್ತಿರದ ನೆಂಟಸ್ತಿಕೆ ನನಗೆ ಕಾಣಲಿಲ್ಲ. ಕನ್ನಡಕ್ಕೆ ಈ ಬಗೆ ಹೊಸತೂ ಅಲ್ಲ. ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ'ಯಲ್ಲಿ ಮಾರಿಗುಡಿ, ನರಬಲಿ, ನಡುರಾತ್ರಿ ಅರಮನೆಯಿಂದ ಮಾವುತನ ಬಳಿಗೆ ಹೋಗುವ ರಾಣಿ, ಎಲ್ಲ ಇವೆ. ವಾಲ್ಪೋಲನಿಗಿಂತ ಐದೂವರೆ ಶತಮಾನ ಮೊದಲೇ!

ಈಗ ನಮ್ಮ ಮನೆಗೆ ಬರೋಣ. ನಾನು ಕನ್ನಡದಲ್ಲಿ ಕೇಳಿದರೆ ನನ್ನ ಏಳು ವರ್ಷದ ಮಗಳು ಹಿಂದಿಯಲ್ಲಿ ಉತ್ತರಿಸುತ್ತಾಳೆ. ಸೊಸೈಟಿಯ ಅಂಗಳದಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್, ಮರಾಠಿ. ಕನ್ನಡ ಅಡುಗೆಮನೆಗೆ ಬಂದು ನಿಂತಿದೆ. ಆದರೆ ಕುಮಟೆಯ ಅಜ್ಜಿ ವಿಡಿಯೋ ಕಾಲ್‌ನಲ್ಲಿ ಕೊಳ್ಳಿದೆವ್ವದ ಕತೆ ಶುರು ಮಾಡಿದರೆ ಸಾಕು, ಅವಳ ಬಾಯಿಂದ ತಾನಾಗಿ "ಆಮೇಲೆ? ಆಮೇಲೆ ಏನಾಯ್ತು ಅಜ್ಜಿ?" ಎಂದು ಬರುತ್ತದೆ. ಪಾಠದಿಂದ, ಬೈಗುಳದಿಂದ ಬರದ ಕನ್ನಡ ಹೆದರಿಕೆಯಿಂದ ಬರುತ್ತದೆ. ಮುಂದೇನಾಯಿತು ಎಂದು ತಿಳಿಯಲೇಬೇಕಾದಾಗ ಮಗು ಭಾಷೆಯ ಲೆಕ್ಕ ಇಡುವುದಿಲ್ಲ.

1990ರ ದಶಕದಲ್ಲಿ ಬೆಂಗಳೂರು ಸೀಮೆಯಲ್ಲಿ ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ರಾತ್ರಿ ಬಂದು ಮನೆಯವರ ದನಿಯಲ್ಲೇ ಕರೆಯುವ ದೆವ್ವ ಅದನ್ನು ಓದಿ, ನಾಳೆ ಬರೋಣ ಎಂದು ಹೊರಟುಹೋಗುತ್ತಿತ್ತಂತೆ. ಆ ಕತೆಯಿಂದಲೇ ಪ್ರೇರಣೆ ಪಡೆದು 2018ರಲ್ಲಿ ಹಿಂದಿಯ 'ಸ್ತ್ರೀ' ಸಿನಿಮಾ ಬಂತು, ಭರ್ಜರಿಯಾಗಿ ಓಡಿತು. ಸಿಂಗರ್ ಅವರ ದೆವ್ವಗಳು ಯಿಡ್ಡಿಷ್ ಆಡುತ್ತಿದ್ದರೆ ನಮ್ಮ ದೆವ್ವ ಕನ್ನಡ ಓದುತ್ತಿತ್ತು. ಮುಂಬಯಿಯಲ್ಲಿ ಬೆಳೆಯುತ್ತಿರುವ ನಮ್ಮ ಎಷ್ಟು ಮಕ್ಕಳು ಆ ಎರಡು ಪದಗಳನ್ನು ಓದಬಲ್ಲರು? ಮಗುವಿಗೆ ಕನ್ನಡ ಅಕ್ಷರ ಕಲಿಸುವ ಮಾತು ಬಂದಾಗ ನಾವೂ ಪರೀಕ್ಷೆ ಮುಗಿಯಲಿ, ರಜೆ ಬರಲಿ ಎನ್ನುತ್ತೇವೆ. ಅಂದರೆ ಕನ್ನಡಕ್ಕೇ 'ನಾಳೆ ಬಾ' ಎಂದು ಬರೆದಿಟ್ಟ ಹಾಗಾಯಿತು.

ಲೆನಾರ್ಡ್ ವುಲ್ಫ್ 2019ರ ಮಾರ್ಚ್‌ನಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು. 'ದ ಬ್ಯೂಟಿ ಮಿಥ್' ಬರೆದ ನವೋಮಿ ವುಲ್ಫ್ ಅವರ ಮಗಳು. ತಂದೆಯಿಂದ ಕಲಿತದ್ದರ ಬಗ್ಗೆ ಆಕೆ 2005ರಲ್ಲಿ 'ದ ಟ್ರೀಹೌಸ್' ಎಂಬ ಪುಸ್ತಕವನ್ನೇ ಬರೆದಿದ್ದಾರೆ.

ಸದಸ್ಯೆಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಅಮ್ಮ, ಅತ್ತೆ, ಅಜ್ಜಿ ಹೇಳಿದ ಒಂದು ದೆವ್ವದ ಕತೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರ ಮಾತಿನಲ್ಲೇ ಬರೆದಿಡಿ. ಚೌಡಿ ಅಂದರೆ ಯಾರು, ಆ ಬಾವಿ ಎಲ್ಲಿತ್ತು, ಆ ಸೊಸೆಗೆ ಏನಾಗಿತ್ತು ಎಂದು ಪಕ್ಕದಲ್ಲಿ ಟಿಪ್ಪಣಿ ಹಾಕಿ. ತುಳುವೋ ಕೊಂಕಣಿಯೋ ಹವ್ಯಕವೋ ಆದರೆ ಹಾಗೆಯೇ ಬರೆದು, ಕನ್ನಡದಲ್ಲೂ ಒಮ್ಮೆ ಹೇಳಿ. ಬೇರೆ ಭಾಷೆಯ ಒಂದು ಒಳ್ಳೆಯ ಮಕ್ಕಳ ಕತೆಯನ್ನು ಕನ್ನಡಕ್ಕೆ ತನ್ನಿ, ಎರಡೇ ಪುಟವಾದರೂ ಸರಿ. ಮುಂದಿನ ಸಂಚಿಕೆಯನ್ನು ಅವುಗಳಿಂದ ತುಂಬಿಸೋಣ. ಕುಮಟೆಯ ಕೊಳ್ಳಿದೆವ್ವವನ್ನು ನಾನು ಆಗಲೇ ಬರೆಯಲು ಕುಳಿತಿದ್ದೇನೆ. ಮಗಳು ಪಕ್ಕದಲ್ಲಿ ಕುಳಿತು ತಪ್ಪು ಹುಡುಕುತ್ತಿದ್ದಾಳೆ, ಅರ್ಧ ಹಿಂದಿಯಲ್ಲಿ, ಅರ್ಧ ಕನ್ನಡದಲ್ಲಿ.